ನಾನೇ ಬರೆದ ಎರಡು ಪತ್ರಗಳು

ಹೋದ ತಿಂಗಳು ಹಳೆಯ ಸಹೋದ್ಯೋಗಿಯೊಬ್ಬಳು ಫೋನ್ ಮಾಡಿ, "ಮೇಡಂ, ಇನ್ನೊಂದು ಶಿಫಾರಸು ಪತ್ರ ಬೇಕಿತ್ತು, ತೊಂದರೆ ಇಲ್ವಾ?" ಅಂದಳು. ಏನು ತೊಂದರೆ? ವರ್ಷದ ಹಿಂದೆ ಅವಳಿಗೆ ಒಂದು ಬರೆದುಕೊಟ್ಟಿದ್ದೆ. ಅದನ್ನೇ ತೆಗೆದು, ತಾರೀಕು ಬದಲಾಯಿಸಿ, ಒಂದೆರಡು ಸಾಲು ತಿದ್ದಿ ಕಳಿಸಿದರಾಯಿತು ಅಂದುಕೊಂಡು ಕಂಪ್ಯೂಟರಿನಲ್ಲಿ ಹುಡುಕಿದೆ. ಅದೇ ಫೋಲ್ಡರಿನಲ್ಲಿ, ಅದೇ ವಾರ ಇನ್ನೊಬ್ಬ ಹುಡುಗನಿಗೆ ಬರೆದ ಪತ್ರವೂ ಇತ್ತು. ಇಬ್ಬರೂ ಒಂದೇ ವರ್ಷ ನಮ್ಮಲ್ಲಿ ಸೇರಿದವರು, ಒಂದೇ ತಂಡದಲ್ಲಿ ಇದ್ದವರು, ಅರ್ಜಿ ಹಾಕಿದ್ದೂ ಒಂದೇ ಸಂಶೋಧನಾ ಹುದ್ದೆಗೆ. ಸುಮ್ನೆ ಎರಡನ್ನೂ ಅಕ್ಕಪಕ್ಕ ತೆರೆದೆ.

ಪತ್ರಗಳು ಇಂಗ್ಲಿಷಿನಲ್ಲಿದ್ದವು, ಇಲ್ಲಿ ಕನ್ನಡದಲ್ಲಿ ಹೇಳುತ್ತೇನೆ. ಹುಡುಗನ ಪತ್ರ ಒಂದೂವರೆ ಪುಟ. ಅವನು ಚುರುಕು, ಸ್ವಂತವಾಗಿ ಯೋಚಿಸುತ್ತಾನೆ, ಯಂತ್ರಗಳ ಕಂಪನದ ಅಳತೆಗಳನ್ನು ಓದುವುದಕ್ಕೆ ಹೊಸ ದಾರಿಯನ್ನೇ ಹುಡುಕಿದ, ಮುಂದೆ ಹೆಸರು ಮಾಡುತ್ತಾನೆ. ಹುಡುಗಿಯ ಪತ್ರ ಮುಕ್ಕಾಲು ಪುಟ. ಅವಳು ಕಷ್ಟಪಟ್ಟು ಕೆಲಸ ಮಾಡುತ್ತಾಳೆ, ಹೇಳಿದ್ದನ್ನು ಹೇಳಿದ ಹೊತ್ತಿಗೆ ಮುಗಿಸುತ್ತಾಳೆ, ಎಲ್ಲರ ಜೊತೆ ಹೊಂದಿಕೊಂಡು ಹೋಗುತ್ತಾಳೆ, ಪಂಪಿನ ಸಮಸ್ಯೆಯೊಂದನ್ನು ಬಗೆಹರಿಸುವಾಗ ತಂಡಕ್ಕೆ ನೆರವಾದಳು. ಕೊನೆಗೊಂದು ಸಾಲು: ಮನೆಯ ಜವಾಬ್ದಾರಿಗಳ ನಡುವೆಯೂ ಕೆಲಸಕ್ಕೆ ಕೊರತೆ ಮಾಡಿದವಳಲ್ಲ. ಹೊಗಳಿಕೆ ಅಂತಲೇ ಬರೆದಿದ್ದೆ. ಆ ಹುಡುಗನಿಗೆ ಮನೆ ಇರಲಿಲ್ವಾ?

ಪಂಪಿನ ಕಥೆ ಹೇಳಲೇಬೇಕು. ಅದರ ಬೇರಿಂಗ್ ಪದೇ ಪದೇ ಹಾಳಾಗುತ್ತಿತ್ತು. ನಾವು ಬದಲಾಯಿಸುತ್ತಿದ್ದೆವು, ಮೋಟಾರು ಮತ್ತು ಪಂಪನ್ನು ಒಂದೇ ಗೆರೆಗೆ ತರುವ ಅಲೈನ್‌ಮೆಂಟ್ ಮತ್ತೆ ಮಾಡುತ್ತಿದ್ದೆವು, ಎರಡು ತಿಂಗಳು ಕಳೆದರೆ ಮತ್ತೆ ಅದೇ ಪಾಡು. ಅವಳೊಬ್ಬಳು ಮಾತ್ರ, ಒಳಗೆ ಜಲ್ಲಿಕಲ್ಲು ಉರುಳಿದ ಹಾಗೆ ಸದ್ದು ಬರುತ್ತದೆ, ಅದೂ ಯಾವಾಗಲೂ ಅಲ್ಲ, ಅಂದಳು. ಮೂರು ರಾತ್ರಿ ಕೂತು ಪಂಪಿಗೆ ನೀರು ಬರುವ ಕಡೆಯ ಒತ್ತಡ, ಟ್ಯಾಂಕಿನ ಮಟ್ಟ, ಕಂಪನ ಮೂರನ್ನೂ ಒಟ್ಟಿಗೆ ಬರೆದುಕೊಂಡಳು. ಮಟ್ಟ ಇಳಿದಾಗ ಸದ್ದು, ಸದ್ದಿನ ಜೊತೆ ಕಂಪನ. ಪಂಪು ನೀರು ಎಳೆದುಕೊಳ್ಳುವ ಸಕ್ಷನ್ ಪೈಪಿನ ಜಾಲರಿಯಲ್ಲಿ ಕಸ ಕಟ್ಟಿಕೊಂಡಿತ್ತು. ಅದರಿಂದ ಒತ್ತಡ ಬಿದ್ದು, ನೀರಿನಲ್ಲಿ ಆವಿಯ ಗುಳ್ಳೆಗಳು ಹುಟ್ಟಿ ಪಂಪಿನೊಳಗೆ ಹೋಗಿ ಒಡೆಯುತ್ತಿದ್ದವು. ಕ್ಯಾವಿಟೇಶನ್. ನಾವೆಲ್ಲ ಪರೀಕ್ಷೆಗೆ ಓದಿದ್ದೇ. ಜಾಲರಿ ತೊಳೆದ ಮೇಲೆ ಬೇರಿಂಗಿನ ತಂಟೆ ನಿಂತಿತು. ಇದನ್ನು ನಾನು 'ತಂಡಕ್ಕೆ ನೆರವಾದಳು' ಅಂತ ಬರೆದಿದ್ದೆ. ಆ ಮೂರು ರಾತ್ರಿ ತಂಡ ಎಲ್ಲಿತ್ತು ಅಂದರೆ, ಮಲಗಿತ್ತು.

ಹುಡುಗನದ್ದೂ ಒಳ್ಳೆಯ ಕೆಲಸವೇ, ಅವನ ಮೇಲೆ ದೂರಿಲ್ಲ. ಅಳತೆಗಳನ್ನು ತಾನಾಗಿಯೇ ಗ್ರಾಫ್ ಮಾಡುವ ಪ್ರೋಗ್ರಾಂ ಬರೆದಿದ್ದ. ಅದನ್ನು 'ಹೊಸ ದಾರಿ' ಮಾಡಿದವಳು ನಾನು. ಅವನಿಗೆ ಆ ಹುದ್ದೆ ಸಿಕ್ಕಿತು, ಅವಳಿಗೆ ಸಿಗಲಿಲ್ಲ. ನನ್ನ ಪತ್ರದಿಂದಲೇ ಹಾಗಾಯಿತು ಅಂತ ಹೇಳಲಾರೆ. ಅದರಿಂದ ಏನೂ ಆಗಲಿಲ್ಲ ಅಂತಲೂ ಹೇಳಲಾರೆ.

ಇದರಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಇನ್ನೊಂದು. ಆ ಪತ್ರ ಬರೆದ ವರ್ಷವೇ ಫೆಬ್ರವರಿ 11ರಂದು, ಅಂದರೆ ವಿಶ್ವಸಂಸ್ಥೆ 2015ರಲ್ಲಿ ವಿಜ್ಞಾನದಲ್ಲಿರುವ ಮಹಿಳೆಯರಿಗೆ ಅಂತ ಗೊತ್ತುಮಾಡಿದ ದಿನ, ನನ್ನನ್ನು ಕರೆದು ಭಾಷಣ ಮಾಡಿಸಿದ್ದರು. ಹೆಣ್ಣುಮಕ್ಕಳು ಧೈರ್ಯ ಬೆಳೆಸಿಕೊಳ್ಳಬೇಕು, ತಮ್ಮ ಕೆಲಸವನ್ನು ತಾವೇ ಗಟ್ಟಿಯಾಗಿ ಹೇಳಿಕೊಳ್ಳಬೇಕು ಅಂತೆಲ್ಲ ಹೇಳಿದ್ದೆ. ಚಪ್ಪಾಳೆ ಬಿತ್ತು. ಅವಳು ಮುಂದಿನ ಸಾಲಿನಲ್ಲೇ ಕೂತಿದ್ದಳು.

ಕೆಟ್ಟವರಿಲ್ಲದ ಕಥೆ

ನಾನೊಬ್ಬಳೇ ಹೀಗೆ ಅಂತ ಅಂದುಕೊಂಡರೆ ಅದೂ ಒಂದು ತರಹದ ಜಂಬವೇ. ಅಮೆರಿಕದ ವೈದ್ಯಕೀಯ ಕಾಲೇಜೊಂದಕ್ಕೆ ಬಂದ 300ಕ್ಕೂ ಹೆಚ್ಚು ಶಿಫಾರಸು ಪತ್ರಗಳನ್ನು ಇಬ್ಬರು ಸಂಶೋಧಕಿಯರು ಕೂತು ಓದಿ 2003ರಲ್ಲಿ ಒಂದು ಲೇಖನ ಬರೆದರು. ಹೆಂಗಸರ ಪತ್ರಗಳು ಚಿಕ್ಕವು, ಅವುಗಳಲ್ಲಿ ಅನುಮಾನ ಹುಟ್ಟಿಸುವ ಸಾಲುಗಳು ಜಾಸ್ತಿ. ಹೆಂಗಸರ ವಿಷಯಕ್ಕೆ 'ಅವಳ ಪಾಠ, ಅವಳ ತರಬೇತಿ', ಗಂಡಸರ ವಿಷಯಕ್ಕೆ 'ಅವನ ಸಂಶೋಧನೆ'. ನನ್ನ ಎರಡು ಪತ್ರಗಳನ್ನು ಆ ಕಟ್ಟಿಗೆ ಸೇರಿಸಿದ್ದರೆ ಯಾರಿಗೂ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ.

2012ರಲ್ಲಿ ಇನ್ನೊಂದು ಪರೀಕ್ಷೆ ಆಯಿತು. ಪ್ರಯೋಗಾಲಯದ ಮ್ಯಾನೇಜರ್ ಕೆಲಸಕ್ಕೆ ಅಂತ ಒಂದೇ ಅರ್ಜಿಯನ್ನು ಅಮೆರಿಕದ 127 ವಿಜ್ಞಾನದ ಪ್ರಾಧ್ಯಾಪಕರಿಗೆ ಕಳಿಸಿದರು. ಅಕ್ಷರ ಅಕ್ಷರವೂ ಒಂದೇ. ಅರ್ಧ ಜನಕ್ಕೆ ಅದು ಜಾನ್‌ನ ಅರ್ಜಿ, ಉಳಿದವರಿಗೆ ಜೆನ್ನಿಫರ್‌ಳದ್ದು. ಜಾನ್ ಹೆಚ್ಚು ಸಮರ್ಥ ಅಂತ ಕಂಡ. ಅವನಿಗೆ ಕೊಡಬಹುದು ಅಂದ ಸಂಬಳ ಸರಾಸರಿ 30,238 ಡಾಲರ್, ಅವಳಿಗೆ 26,508. ಇದನ್ನು ಬೇಕಾದಷ್ಟು ಜನ ಬೇಕಾದಷ್ಟು ಕಡೆ ಹೇಳಿದ್ದಾರೆ, ನಾನೂ ಭಾಷಣದಲ್ಲಿ ಹೇಳಿದ್ದೆ. ಆದರೆ ಆ ಲೇಖನದ ಇನ್ನೊಂದು ಮಾತನ್ನು ನಾನು ಪ್ರತಿ ಸಲ ಬೇಗ ದಾಟಿಬಿಡುತ್ತಿದ್ದೆ: ಅಂಕ ಕೊಟ್ಟ ಪ್ರಾಧ್ಯಾಪಕರು ಗಂಡಸರಾಗಲಿ ಹೆಂಗಸರಾಗಲಿ, ಕೊಟ್ಟದ್ದು ಒಂದೇ ರೀತಿ.

ಇಲ್ಲಿ ಗೇಬ್ರಿಯಲ್ ಲಿಪ್‌ಮನ್ ಅನ್ನುವವರ ನೆನಪಾಗುತ್ತದೆ. ಮೇರಿ ಕ್ಯೂರಿಯ ಮಾರ್ಗದರ್ಶಕರು. ಅವರ ಪ್ರಯೋಗಾಲಯದಲ್ಲಿ ಮೇರಿ ಕೆಲಸ ಮಾಡಿದ್ದರು. 1898ರ ಏಪ್ರಿಲ್‌ನಲ್ಲಿ ಮೇರಿಯ ಮೊದಲ ವಿಕಿರಣ ಲೇಖನವನ್ನು ಫ್ರೆಂಚ್ ವಿಜ್ಞಾನ ಅಕಾಡೆಮಿಯ ಮುಂದೆ ಇಟ್ಟವರೂ ಅವರೇ, ಏಕೆಂದರೆ ಮೇರಿ ಸದಸ್ಯೆಯಾಗಿರಲಿಲ್ಲ. ಶತ್ರು ಅನ್ನಲು ಆಗುತ್ತದಾ? ಆದರೆ 1903ರ ನೊಬೆಲ್‌ಗಾಗಿ ಆ ಅಕಾಡೆಮಿಯ ನಾಲ್ಕು ಜನ ಬರೆದ ಪತ್ರದಲ್ಲಿ ಇದ್ದದ್ದು ಭೌತವಿಜ್ಞಾನಿ ಬೆಕರೆಲ್ ಮತ್ತು ಮೇರಿಯ ಗಂಡ ಪಿಯರ್ ಕ್ಯೂರಿ ಹೆಸರು ಮಾತ್ರ. ಮೇರಿ ಇಲ್ಲ. ಆ ನಾಲ್ಕು ಸಹಿಗಳಲ್ಲಿ ಒಂದು ಲಿಪ್‌ಮನ್‌ರದ್ದು. ಅವಳ ಕೆಲಸ ಹತ್ತಿರದಿಂದ ನೋಡಿದವರು, ಅವಳ ಲೇಖನವನ್ನು ತಾವೇ ಓದಿದವರು. ಸಹಿ ಹಾಕುವಾಗ ಅವರ ತಲೆಯಲ್ಲಿ ಏನಿತ್ತೋ. ಬಹುಶಃ ಏನೂ ಇರಲಿಲ್ಲ. ನನ್ನ ತಲೆಯಲ್ಲೂ ಏನೂ ಇರಲಿಲ್ಲ.

ಆಮೇಲೆ ಆದದ್ದು ಈ ಕಥೆಯ ಇನ್ನೊಂದು ಮುಖ. ಸ್ವೀಡನ್ನಿನ ಗಣಿತಜ್ಞ ಯೋಸ್ಟಾ ಮಿಟ್ಟಾಗ್ ಲೆಫ್ಲರ್, ಈ ನೊಬೆಲ್ ಕೊಡುವ ಅಲ್ಲಿನ ಅಕಾಡೆಮಿಯ ಸದಸ್ಯ, ಒಳಗಿನ ಸುದ್ದಿ ತಿಳಿದು ಪಿಯರ್‌ಗೆ ಬರೆದರು. ಪಿಯರ್ ಮರಳಿ ಬರೆದರು, ನನ್ನನ್ನು ಪರಿಗಣಿಸುವುದಾದರೆ ಮೇರಿಯ ಜೊತೆಗೇ ಪರಿಗಣಿಸಿ ಅಂತ. ಬಹುಮಾನ ಮೂವರಿಗೂ ಬಂತು. ಇದೇ ಮಿಟ್ಟಾಗ್ ಲೆಫ್ಲರ್ ಅದಕ್ಕೂ 20 ವರ್ಷ ಮುಂಚೆ ಸೋಫಿಯಾ ಕೊವಲೆವ್‌ಸ್ಕಾಯಾ ಅನ್ನುವ ಗಣಿತಜ್ಞೆಯನ್ನು ಸ್ಟಾಕ್‌ಹೋಮ್‌ಗೆ ಕರೆಸಿಕೊಂಡಿದ್ದರು. 1874ರಲ್ಲೇ ಡಾಕ್ಟರೇಟ್ ಪಡೆದಿದ್ದ ಆಕೆಗೆ ಯಾವ ವಿಶ್ವವಿದ್ಯಾಲಯವೂ ಜಾಗ ಕೊಟ್ಟಿರಲಿಲ್ಲ. 1889ರಲ್ಲಿ ಅಲ್ಲಿ ಪೂರ್ಣ ಪ್ರಾಧ್ಯಾಪಕಿ ಆದರು. ಒಬ್ಬನೇ ಮನುಷ್ಯ, ಎರಡು ಸಲ, ತನ್ನ ಕುರ್ಚಿಯನ್ನು ಇನ್ನೊಬ್ಬರಿಗಾಗಿ ಬಳಸಿದ. ಆ ಇಬ್ಬರಿಗೆ ಧೈರ್ಯದ ಬಗ್ಗೆ ಭಾಷಣ ಮಾಡಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದರೆ ನಗು ಬರುತ್ತದೆ. ಧೈರ್ಯ ಅವರಿಗೆ ಬೇಕಾದಷ್ಟಿತ್ತು. ಒಳಗೆ ಕೂತವರ ಬಾಯಲ್ಲಿ ಅವರ ಹೆಸರು ಬರಬೇಕಿತ್ತು, ಅಷ್ಟೇ.

"ಅವರನ್ನೇ ಕೇಳಿ"

ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷ. ನಮ್ಮ ಹಿರಿಯ ಇಂಜಿನಿಯರ್ ಒಬ್ಬರಿದ್ದರು, ಮಾತು ಕಡಿಮೆ, ಸಿಡುಕು ಜಾಸ್ತಿ. ಅವರು ನನಗೆ ಬುದ್ಧಿಮಾತು ಹೇಳಿದ್ದು ಒಂದೂ ನೆನಪಿಲ್ಲ. ಒಂದು ಗೇರ್‌ಬಾಕ್ಸ್ ಮುರಿದಿತ್ತು. ಹಲ್ಲು ಮುರಿದ ಜಾಗವನ್ನು ನಾನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದ್ದೆ. ಕಡಲತೀರದ ಮರಳಿನ ಮೇಲೆ ಅಲೆ ಬಿಟ್ಟು ಹೋಗುವ ಗೆರೆಗಳ ಹಾಗೆ ಒಂದರ ಪಕ್ಕ ಒಂದು ಗೆರೆ ಕಾಣುತ್ತಿತ್ತು. ಅಂದರೆ ಒಂದೇ ಏಟಿಗೆ ಮುರಿದದ್ದಲ್ಲ, ಬಿರುಕು ನಿಧಾನವಾಗಿ ಬೆಳೆದು ಬೆಳೆದು ಕೊನೆಗೆ ಮುರಿದದ್ದು. ವರದಿ ಬರೆದು ಅವರ ಮೇಜಿನ ಮೇಲೆ ಇಟ್ಟೆ. ಅದನ್ನು ದೊಡ್ಡವರೆಲ್ಲ ಸೇರುವ ಸಭೆಯಲ್ಲಿ ಅವರು ಓದಬೇಕಿತ್ತು. ಹಿಂದಿನ ಸಂಜೆ ನನ್ನ ಹತ್ತಿರ ಬಂದು, "ನಾಳೆ ನೀನೇ ಹೇಳು. ನನಗಿಂತ ನಿನಗೆ ಚೆನ್ನಾಗಿ ಗೊತ್ತು," ಅಂದರು. "ಸಾರ್, ನಾನಾ?" ಅಂದೆ. "ಮತ್ತಿನ್ಯಾರು ನೋಡಿದ್ದು?" ಅಂತ ಹೊರಟೇಹೋದರು.

ಮಾರನೇ ದಿನ ಹನ್ನೆರಡು ಜನರಿದ್ದ ಕೋಣೆಯಲ್ಲಿ ನಾನೊಬ್ಬಳೇ ಹೆಂಗಸು. ಮೊದಲ ಐದು ನಿಮಿಷ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ. ಮುಗಿದ ಮೇಲೆ ಒಬ್ಬರು ಪ್ರಶ್ನೆ ಕೇಳಿದರು, ನನ್ನನ್ನಲ್ಲ, ಗೋಡೆಯ ಹತ್ತಿರ ಕೂತಿದ್ದ ಸಾರ್‌ನ. ಅತಿಭಾರದಿಂದ ಒಮ್ಮೆಗೇ ಮುರಿದಿರಬಹುದಲ್ಲ ಅಂತ. ಸಾರ್‌ಗೆ ಉತ್ತರ ಗೊತ್ತಿತ್ತು. ಆದರೆ ಅವರು ತಲೆ ಎತ್ತದೆ, "ಅವರನ್ನೇ ಕೇಳಿ," ಅಂದರು. ಪ್ರಶ್ನೆ ಕೇಳಿದವರು ನನ್ನ ಕಡೆ ತಿರುಗಲೇಬೇಕಾಯಿತು. ಎರಡನೇ ಪ್ರಶ್ನೆಯೂ ಅವರಿಗೇ ಹೋಯಿತು, ಮತ್ತೆ ಅದೇ ಉತ್ತರ. ಮೂರನೆಯದು ನೇರ ನನಗೆ ಬಂತು. ನನ್ನನ್ನು ಯಾವಾಗಲೂ 'ನೀನು' ಅನ್ನುತ್ತಿದ್ದವರು ಆ ಕೋಣೆಯಲ್ಲಿ ಮಾತ್ರ 'ಅವರು' ಅಂದರು. ಹೊರಗೆ ಬಂದ ಮೇಲೆ ಮತ್ತೆ 'ನೀನು'.

ಆ ದಿನ ಅವರು ಕಳೆದುಕೊಂಡದ್ದು ಸಣ್ಣದಲ್ಲ. ಒಳ್ಳೆಯ ವರದಿಯೊಂದನ್ನು ತಮ್ಮ ಬಾಯಿಂದ ಹೇಳುವ ಅವಕಾಶ ಬಿಟ್ಟರು. ನಾನು ತಡವರಿಸಿದ್ದರೆ ಮಾನ ಹೋಗುತ್ತಿದ್ದದ್ದು ಅವರದ್ದೂ ಹೌದು. ಈಗ ಇದಕ್ಕೆಲ್ಲ ಹೆಸರುಗಳಿವೆ. ಸಲಹೆ ಕೊಡುವವರು ಮೆಂಟರ್, ತಮ್ಮ ಹೆಸರನ್ನು ಪಣಕ್ಕಿಟ್ಟು ಇನ್ನೊಬ್ಬರನ್ನು ಮುಂದೆ ತಳ್ಳುವವರು ಸ್ಪಾನ್ಸರ್. ಹೆಣ್ಣುಮಕ್ಕಳಿಗೆ ಮೆಂಟರ್‌ಗಳ ಬರ ಇಲ್ಲ, ನೋಡಿ. ಎಲ್ಲರೂ ಸಲಹೆ ಕೊಡುತ್ತಾರೆ. ಕೊಡುವವರಿಗೆ ಅದರಿಂದ ಒಂದು ಕಾಸೂ ಖರ್ಚಿಲ್ಲವಲ್ಲ.

ಸಭೆಯ ಟಿಪ್ಪಣಿ ಮತ್ತು ಚಿಕ್ಕ ಮಗು

ಕೆಲಸ ಅಂದರೆ ಎಲ್ಲ ಕೆಲಸವೂ ಒಂದೇ ತೂಕದ್ದಲ್ಲ. ಬಡ್ತಿಯ ಹೊತ್ತಿಗೆ ಲೆಕ್ಕಕ್ಕೆ ಬರುವ ಕೆಲಸ ಒಂದು, ಯಾರಾದರೂ ಮಾಡಲೇಬೇಕಾದ, ಮಾಡಿದರೆ ಯಾರಿಗೂ ನೆನಪಿರದ ಕೆಲಸ ಇನ್ನೊಂದು. ಸಭೆಯ ಟಿಪ್ಪಣಿ ಬರೆಯುವುದು, ಬೀಳ್ಕೊಡುಗೆ ಏರ್ಪಾಡು ಮಾಡುವುದು, ಹೊಸಬರಿಗೆ ಜಾಗ ತೋರಿಸುವುದು. "ನಿನ್ನ ಅಕ್ಷರ ಚೆನ್ನಾಗಿದೆ, ನೀನೇ ಬರ್ಕೋ" ಅನ್ನುವ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಲ್ಯಾಪ್‌ಟಾಪ್ ಬಂದ ಮೇಲೂ ಕೇಳಿದ್ದೇನೆ. 2017ರಲ್ಲಿ ಬಂದ ಅರ್ಥಶಾಸ್ತ್ರದ ಒಂದು ಅಧ್ಯಯನದಲ್ಲಿ ಇಂಥದೇ ಪ್ರಯೋಗ ಮಾಡಿದರು. ಗುಂಪಿನಲ್ಲಿ ಯಾರಾದರೊಬ್ಬರು ಒಂದು ಬೇಡದ ಕೆಲಸಕ್ಕೆ ಮುಂದೆ ಬರಬೇಕು. ಗಂಡಸರು ಹೆಂಗಸರು ಸೇರಿದ ಗುಂಪುಗಳಲ್ಲಿ ಹೆಂಗಸರು ಗಂಡಸರಿಗಿಂತ ಶೇಕಡಾ 48ರಷ್ಟು ಹೆಚ್ಚು ಸಲ ಕೈ ಎತ್ತಿದರು. ಹೆಂಗಸರಷ್ಟೇ ಇದ್ದ ಗುಂಪು, ಗಂಡಸರಷ್ಟೇ ಇದ್ದ ಗುಂಪು ಮಾಡಿದಾಗ ಆ ವ್ಯತ್ಯಾಸವೇ ಇಲ್ಲ! ಅಂದರೆ ಇದು ಹುಟ್ಟುಗುಣ ಅಲ್ಲ. ಇವರು ಮಾಡುತ್ತಾರೆ ಬಿಡು ಅಂತ ಎಲ್ಲರಿಗೂ ಗೊತ್ತಿರುತ್ತದೆ, ಇವರಿಗೂ ಗೊತ್ತಿರುತ್ತದೆ.

ಲೆಕ್ಕಕ್ಕೆ ಬರುವ ಕೆಲಸ ಕೈತಪ್ಪುವ ರೀತಿಯೂ ಹೀಗೇ, ಸದ್ದಿಲ್ಲದೆ. ಒಂದು ಸಭೆಯಲ್ಲಿ ಹೊಸ ಯೋಜನೆಗೆ ಯಾರನ್ನು ಹಾಕುವುದು ಅಂತ ಮಾತು ಬಂತು. ಒಬ್ಬಾಕೆಯ ಹೆಸರು ಬಂದಾಗ, ಪಾಪ, ಚಿಕ್ಕ ಮಗು ಇದೆಯಲ್ಲ, ಓಡಾಟ ಜಾಸ್ತಿ ಆಗುತ್ತೆ ಅಂತ ಯಾರೋ ಅಂದರು. ಕಾಳಜಿಯಿಂದಲೇ ಅಂದದ್ದು. ಎಲ್ಲರೂ ತಲೆಯಾಡಿಸಿದರು. ಅವಳನ್ನೇ ಕೇಳೋಣ ಅಂತ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಹತ್ತು ಸೆಕೆಂಡಿನಲ್ಲಿ ಮಾತು ಮುಂದಿನ ಹೆಸರಿಗೆ ಹೋಗಿತ್ತು. ಅವಳಿಗೆ ಇವತ್ತಿಗೂ ಗೊತ್ತಿಲ್ಲ, ತನಗೊಂದು ಅವಕಾಶ ಬಂದು ಹೋಯಿತು ಅಂತ. ಆ ಯೋಜನೆಗೆ ಹೋದವನಿಗೂ ಚಿಕ್ಕ ಮಗು ಇತ್ತು.

ಟೇಪು ಹಿಡಿದವರು

ಇಂಥದನ್ನು ಹೇಳಿಕೊಂಡರೆ ಯಾರೂ ನಂಬುವುದಿಲ್ಲ, ಹೇಳಿಕೊಳ್ಳುವವರಿಗೇ ಪೂರ್ತಿ ನಂಬಿಕೆ ಇರುವುದಿಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೀವವಿಜ್ಞಾನಿ ನ್ಯಾನ್ಸಿ ಹಾಪ್‌ಕಿನ್ಸ್ ಅವರಿಗೆ ಜೀಬ್ರಾಫಿಶ್ ಮೀನಿನ ತೊಟ್ಟಿ ಇಡಲು ಇನ್ನೊಂದು 200 ಚದರಡಿ ಜಾಗ ಬೇಕಿತ್ತು. ಕೊಡಲಿಲ್ಲ. ನಿಮಗೆ ಬೇರೆಯವರಷ್ಟೇ ಇದೆ ಅಂದರು. ಆಕೆ ಒಂದು ಟೇಪು ತೆಗೆದುಕೊಂಡು, ರಾತ್ರಿ ಯಾರೂ ಇಲ್ಲದ ಹೊತ್ತಿನಲ್ಲಿ ಒಂದೊಂದೇ ಪ್ರಯೋಗಾಲಯವನ್ನು ಅಳೆದರು. ತಮಗಿಂತ ಕಿರಿಯ ಗಂಡಸರ ಜಾಗವೂ ತಮ್ಮದಕ್ಕಿಂತ ದೊಡ್ಡದಿತ್ತು. ಆಮೇಲೆ ಬೇರೆ ಪ್ರಾಧ್ಯಾಪಕಿಯರ ಹತ್ತಿರ ಮಾತಾಡಿದರೆ ಪ್ರತಿಯೊಬ್ಬರೂ ಇದು ತನಗೊಬ್ಬಳಿಗೇ ಅಂದುಕೊಂಡಿದ್ದವರು. 1994ರಲ್ಲಿ ಅಲ್ಲಿನ ವಿಜ್ಞಾನ ವಿಭಾಗಗಳಲ್ಲಿ ಕಾಯಂ ಪ್ರಾಧ್ಯಾಪಕಿಯರು 15 ಜನ, ಗಂಡಸರು ಇನ್ನೂರರ ಹತ್ತಿರ. 1999ರಲ್ಲಿ ಹೊರಬಂದ ವರದಿಯನ್ನು ಸಂಸ್ಥೆಯೇ ಒಪ್ಪಿಕೊಂಡಿತು, ಅದು ದೊಡ್ಡ ಸುದ್ದಿಯಾಯಿತು.

ಆ ವರದಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಮಾತು ಒಂದಿದೆ. ಹೊಸದಾಗಿ ಸೇರಿದ ಪ್ರಾಧ್ಯಾಪಕಿಯರಿಗೆ ತಾರತಮ್ಯ ಕಾಣುತ್ತಿರಲಿಲ್ಲ. ಅದೆಲ್ಲ ಹಿಂದಿನವರ ಕಾಲಕ್ಕೆ ಮುಗಿದ ಸಮಸ್ಯೆ ಅಂತ ಅವರ ಭಾವನೆ. ಹಿಂದಿನವರೂ ಸೇರಿದಾಗ ಹಾಗೇ ಅಂದುಕೊಂಡಿದ್ದರು. ಮೇಲೆ ಹೋದ ಹಾಗೆ, ಜಾಗ, ಹಣ, ಅಧಿಕಾರ ಹಂಚುವ ಮೇಜುಗಳ ಹತ್ತಿರ ಬಂದ ಹಾಗೆ, ತಾವು ಹೊರಗೆ ನಿಂತಿದ್ದೇವೆ ಅಂತ ಒಂದೊಂದಾಗಿ ಗೊತ್ತಾಗುತ್ತದೆ. ಆದ್ದರಿಂದ ಇಪ್ಪತ್ತೈದರ ಹುಡುಗಿಯೊಬ್ಬಳು ನನಗೇನೂ ತೊಂದರೆ ಇಲ್ಲಪ್ಪ ಅಂದರೆ ನಾನೀಗ ವಾದ ಮಾಡುವುದಿಲ್ಲ.

ಅಳತೆ ಆದ ಮೇಲೆ ಏನು ಮಾಡುವುದು? ಹಬಲ್ ದೂರದರ್ಶಕದ ಕಥೆ ನನಗಿಷ್ಟ. ಅದರಲ್ಲಿ ನೋಡಲು ಸಮಯ ಬೇಕು ಅಂತ ವಿಜ್ಞಾನಿಗಳು ಅರ್ಜಿ ಹಾಕುತ್ತಾರೆ, ಸಮಿತಿ ಆರಿಸುತ್ತದೆ. ವರ್ಷ ವರ್ಷವೂ ಗಂಡಸರ ಅರ್ಜಿಗಳು ಗೆಲ್ಲುವ ಪ್ರಮಾಣ ಹೆಂಗಸರದ್ದಕ್ಕಿಂತ ತುಸು ಮೇಲೆಯೇ ಇರುತ್ತಿತ್ತು. 2018ರಲ್ಲಿ ಅರ್ಜಿಯಿಂದ ಹೆಸರುಗಳನ್ನೇ ತೆಗೆದರು. ಆ ಸಲ ಹೆಂಗಸರ ಅರ್ಜಿಗಳಲ್ಲಿ ಗೆದ್ದದ್ದು ಶೇಕಡಾ 8.7, ಗಂಡಸರದ್ದರಲ್ಲಿ ಶೇಕಡಾ 8. ಸಮಿತಿಯವರ ಮನಸ್ಸು ತಿದ್ದಲು ಯಾರೂ ಹೋಗಲಿಲ್ಲ. ಅರ್ಜಿಯ ನಮೂನೆ ತಿದ್ದಿದರು. ಎಲ್ಲ ಕಡೆ ಇದು ಆಗುವ ಮಾತಲ್ಲ, ಗೊತ್ತು. ಶಿಫಾರಸು ಪತ್ರದಿಂದ ಹೆಸರು ತೆಗೆದರೆ ಅದು ಯಾರ ಪತ್ರ?

ಅದೇ ವರ್ಷ ಭೌತಶಾಸ್ತ್ರದ ನೊಬೆಲ್ ಡೋನಾ ಸ್ಟ್ರಿಕ್‌ಲ್ಯಾಂಡ್ ಅವರಿಗೂ ಬಂತು. 1903ರ ಮೇರಿ ಕ್ಯೂರಿ, 1963ರ ಮರಿಯಾ ಗೆಪ್ಪರ್ಟ್ ಮೇಯರ್ ಆದ ಮೇಲೆ ಮೂರನೆಯವರು. ಆಗ ಅವರು ಇನ್ನೂ ಸಹ ಪ್ರಾಧ್ಯಾಪಕಿ. ಪೂರ್ಣ ಪ್ರಾಧ್ಯಾಪಕ ಹುದ್ದೆಗೆ ಏಕೆ ಏರಲಿಲ್ಲ ಅಂದರೆ, ಅರ್ಜಿಯೇ ಹಾಕಿರಲಿಲ್ಲವಂತೆ. ಅದಕ್ಕೆ ಅವರನ್ನೇ ದೂರುವವರಿದ್ದರು. ನನಗೆ ಅನ್ನಿಸಿದ್ದು, ಅಷ್ಟು ವರ್ಷ ಪಕ್ಕದ ಕೋಣೆಗಳಲ್ಲಿ ಇದ್ದವರಲ್ಲಿ ಒಬ್ಬರಾದರೂ ಒಂದು ಫಾರಂ ತಂದು ಅವರ ಮೇಜಿನ ಮೇಲೆ ಇಡಬಹುದಿತ್ತಲ್ವಾ?

ಮತ್ತೆ ಆ ಪತ್ರ

ಹೊಸ ಪತ್ರ ಬರೆಯಲು ಕೂತಾಗ ಮೊದಲು ಕನ್ನಡದಲ್ಲಿ ಬರೆದೆ. ಕನ್ನಡದಲ್ಲಿ ಒಂದು ಸೌಕರ್ಯ ಇದೆ. 'ಅವನು ಮಾಡಿದ' ಅಂದರೆ ಗಂಡು, 'ಅವಳು ಮಾಡಿದಳು' ಅಂದರೆ ಹೆಣ್ಣು, ಬಾಲದಲ್ಲೇ ಗುಟ್ಟು ಬಯಲಾಗುತ್ತದೆ. ಆದರೆ ಮರ್ಯಾದೆ ಕೊಟ್ಟು 'ಅವರು ಮಾಡಿದರು' ಅಂದ ಕೂಡಲೇ ಯಾರೋ ಗೊತ್ತಾಗುವುದಿಲ್ಲ. ಹಬಲ್‌ನವರು ನಮೂನೆ ಬದಲಾಯಿಸಿ ಮಾಡಿದ್ದನ್ನು ನಮ್ಮ ಭಾಷೆ ಮರ್ಯಾದೆಯಿಂದಲೇ ಮಾಡಿಬಿಡುತ್ತದೆ. 'ಅವರು ಮನೆಯ ಜವಾಬ್ದಾರಿಗಳ ನಡುವೆಯೂ' ಅಂತ ಬರೆದು ನೋಡಿದೆ. ಓದಲು ವಿಚಿತ್ರವಾಗಿತ್ತು. ಹೊಡೆದುಹಾಕಿದೆ. 'ಹೊಂದಿಕೊಂಡು ಹೋಗುತ್ತಾರೆ' ಕೂಡ ಹೋಯಿತು. ನಿಜಕ್ಕೂ ಅವಳು ಹೊಂದಿಕೊಂಡು ಹೋಗುವವಳೇನಲ್ಲ, ನಮ್ಮೆಲ್ಲರ ಮಾತು ಮೀರಿ ಮೂರು ರಾತ್ರಿ ಪಂಪಿನ ಪಕ್ಕ ಕೂತವಳು.

ಪಂಪಿನ ಸಾಲಿಗೆ ಬಂದಾಗ ಕೈ ನಿಂತಿತು. ಹೋದ ಸಲ 'ತಂಡಕ್ಕೆ ನೆರವಾದಳು' ಅಂತ ಏಕೆ ಬರೆದೆ ಅನ್ನುವುದು ಆಗ ಅರ್ಥವಾಯಿತು. ಅಲೈನ್‌ಮೆಂಟ್ ಸರಿಯಿಲ್ಲ, ಬೇರೇನೂ ಅಲ್ಲ ಅಂತ ತಿಂಗಳುಗಟ್ಟಲೆ ಹಟ ಹಿಡಿದಿದ್ದವಳು ನಾನು. ಅವಳು ಸದ್ದಿನ ವಿಷಯ ಹೇಳಿದಾಗ ಎರಡು ಸಲ ತಳ್ಳಿಹಾಕಿದ್ದವಳೂ ನಾನೇ. ಅವಳ ಕೆಲಸವನ್ನು ಪೂರ್ತಿ ಬರೆದರೆ ನನ್ನ ತಪ್ಪನ್ನೂ ಬರೆಯಬೇಕಾಗುತ್ತಿತ್ತು. 'ತಂಡ' ಅನ್ನುವ ಪದದ ಹಿಂದೆ ನಾನು ಬಚ್ಚಿಟ್ಟುಕೊಂಡಿದ್ದೆ.

ಈ ಸಲ ಬರೆದೆ. ತಂಡದ ಮುಖ್ಯಸ್ಥೆಯಾಗಿ ನಾನು ಕಾರಣವನ್ನು ತಪ್ಪಾಗಿ ಊಹಿಸಿದ್ದೆ, ಇವರು ನನ್ನ ಮಾತು ಒಪ್ಪದೆ ಅಳತೆ ತೆಗೆದು ಸರಿಯಾದ ಕಾರಣ ಹುಡುಕಿದರು, ಅಂತ. ಒಂದೂವರೆ ಪುಟ ಆಯಿತು. ಇಂಥ ಪತ್ರ ತೋರಿಸುವ ರೂಢಿ ಇಲ್ಲ, ಆದರೂ ಕಳಿಸಿದ ಮೇಲೆ ಒಂದು ಪ್ರತಿಯನ್ನು ಅವಳಿಗೂ ಕಳಿಸಿದೆ. ಅರ್ಧ ಗಂಟೆ ಬಿಟ್ಟು ಮೆಸೇಜ್ ಬಂತು: "ಮೇಡಂ, ಅಲೈನ್‌ಮೆಂಟ್ ವಿಷಯ ಬರೀಬೇಕಿತ್ತಾ? ಓದಿದವರು ನಿಮ್ಮ ಬಗ್ಗೆ ಏನಂದ್ಕೋತಾರೆ?"

ಬರೀಬೇಕಿತ್ತು ಅಂತಷ್ಟೇ ಉತ್ತರ ಹಾಕಿದೆ. ಹೋದ ವರ್ಷದ ಪತ್ರದಲ್ಲಿ ಏನಿತ್ತು ಅಂತ ಅವಳಿಗೆ ಇನ್ನೂ ಹೇಳಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತದೆ.